ಪ್ಲಿನಿಯ ವಂಶಜರು

ಕಾಲ್ಚೆಂಡಾಟವನ್ನು ಕುರಿತು ಬರೆಯುವ ಅಧಿಕಾರ ನನಗೆ ಲವಲೇಶವೂ ಇಲ್ಲ. ಆಫ್‌ಸೈಡ್ ಎಂದರೇನೆಂದು ಇಂದಿಗೂ ಮಗನನ್ನು ಕೇಳಿಯೇ ತಿಳಿಯಬೇಕು; ತಿಳಿದದ್ದು ಮುಂದಿನ ಪಂದ್ಯದ ಹೊತ್ತಿಗೆ ಮರೆತಿರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ನಾಲ್ಕಾರು ಆಟ ನೋಡಿ ಸಂತೋಷಪಡುವವನು ನಾನು. ಹಳಗನ್ನಡ ಪಾಠ ಹೇಳುವವನಿಗೆ ಅಷ್ಟೂ ಸಲ್ಲದೆಂಬುದು ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಮತ. 2022ರ ಡಿಸೆಂಬರಿನಲ್ಲಿ ಅರ್ಜೆಂಟೀನ ಫ್ರಾನ್ಸನ್ನು ಸೋಲಿಸಿದ ಮರುದಿನ ನನ್ನ ನಿದ್ದೆಗೆಟ್ಟ ಮುಖ ಕಂಡು, "ಏನು ಸ್ವಾಮಿ, ಕೊಲೋಸಿಯಂನಿಂದ ನೇರವಾಗಿ ಬಂದಿರೋ?" ಎಂದರು. ಅಂದು ಗ್ಲಾಡಿಯೇಟರ್, ಇಂದು ಫುಟ್‌ಬಾಲ್. ಜನ ಸುಮ್ಮನಿರಲಿ ಎಂದು ಆಳುವವರು ಹೂಡುವ ಹಳೆಯ ಹೂಟ ಎಂದು ವ್ಯಾಖ್ಯಾನವನ್ನೂ ಸೇರಿಸಿದರು.

ಈ ಹೋಲಿಕೆ ಪ್ರತಿ ವಿಶ್ವಕಪ್ಪಿಗೂ ಹಲಸಿನ ಹಣ್ಣಿನಂತೆ ತಪ್ಪದೆ ಬರುತ್ತದೆ. ಹಣ್ಣಿನಲ್ಲಾದರೂ ತೊಳೆಯಿರುತ್ತದೆ, ಇದರಲ್ಲಿ ಬರಿಯ ಅಂಟು.

ಗ್ಲಾಡಿಯೇಟರನು ಬಹುಪಾಲು ಗುಲಾಮ, ಯುದ್ಧಖೈದಿ, ಇಲ್ಲವೆ ಶಿಕ್ಷೆಗೊಳಗಾದವನು. ಸೋತವನ ಪ್ರಾಣ ಉಳಿಯಬೇಕೆ ಬೇಡವೆ ಎಂಬುದು ಆಟ ಏರ್ಪಡಿಸಿದ ದೊರೆಯ ಮರ್ಜಿ. ಅದೇ ಫೈನಲ್ಲಿನಲ್ಲಿ ಎಂಬಾಪೆ ಮೂರು ಗೋಲು ಹೊಡೆದೂ ಸೋತ. ಆ ತಿಂಗಳು ಮುಗಿಯುವ ಮುನ್ನವೇ ತನ್ನ ಕ್ಲಬ್ಬಿಗಾಗಿ ಮತ್ತೆ ಆಡುತ್ತಿದ್ದ. ಇವೆರಡೂ ಒಂದೇ ಎನ್ನುವವರಿಗೆ ಯಕ್ಷಗಾನದ ಕತ್ತಿಗೂ ಕಟುಕನ ಕತ್ತಿಗೂ ಭೇದ ಕಾಣದು.

ಇನ್ನು ಅನ್ನ ಮತ್ತು ಆಟದ ಮಾತು. ರೋಮಿನ ಜನಕ್ಕೆ ಇವೆರಡು ಸಿಕ್ಕರೆ ಸಾಕು ಎಂದು ಹಂಗಿಸಿದವನು ಕವಿ ಜುವೆನಾಲ್. ಆದರೆ ಅಧಿಕಾರಿಗಳನ್ನು ಆರಿಸುವ ಹಕ್ಕು ಜನರ ಕೈಬಿಟ್ಟದ್ದು ಕ್ರಿ.ಶ. 14ರಲ್ಲಿ, ಟೈಬೀರಿಯಸನ ಕಾಲಕ್ಕೆ ಅದು ಸೆನೆಟ್ಟಿನ ಪಾಲಾಯಿತು. ಕೊಲೋಸಿಯಂ ತೆರೆದದ್ದು 80ರಲ್ಲಿ. ಹಕ್ಕನ್ನು ಕಿತ್ತುಕೊಂಡ ಮೇಲೆ, ಸಾವಿರಾರು ಜನ ಒಟ್ಟುಗೂಡಿ ಚಕ್ರವರ್ತಿಯ ಮುಖಕ್ಕೇ ಕೂಗಿ ಹೇಳಬಹುದಾದ ಜಾಗ ಆಟದ ಬಯಲೊಂದೇ ಉಳಿದಿತ್ತು. ಕಸಿದವರನ್ನು ಬಿಟ್ಟು ಕಳೆದುಕೊಂಡವರನ್ನು ಹಂಗಿಸುವುದು ವಿದ್ವಾಂಸರಿಗೆ ಎಂದಿನಿಂದಲೂ ಸುಲಭ.

ನಿಜವಾದ ಹೋಲಿಕೆ ಬೇಕೆ? ಕೊಲೋಸಿಯಂ ಬಿಟ್ಟು ರಥಗಳೋಡುತ್ತಿದ್ದ ಸರ್ಕಸ್ ಮ್ಯಾಕ್ಸಿಮಸಿಗೆ ಬನ್ನಿ. ಅಲ್ಲಿ ಕೆಂಪು, ಬಿಳಿ, ಹಸಿರು, ನೀಲಿ ಎಂದು ನಾಲ್ಕು ಪಕ್ಷಗಳು. ಎರಡನೆಯ ಶತಮಾನದ ಡಯೋಕ್ಲಿಸ್ ಎಂಬ ಸಾರಥಿ ಬಿಳಿಯಲ್ಲಿ ಮೊದಲಿಟ್ಟು, ಹಸಿರಿಗೆ ಹೋಗಿ, ಕೊನೆಗೆ ಕೆಂಪಿನಲ್ಲಿ ನೆಲೆನಿಂತ. ಇಪ್ಪತ್ತನಾಲ್ಕು ವರ್ಷಗಳಲ್ಲಿ 4,257 ಓಟ, 1,462 ಗೆಲುವು, ಗಳಿಕೆ 3,58,63,120 ಸೆಸ್ಟರ್ಸ್ ಎಂದು ಶಿಲಾಶಾಸನವೇ ಹೇಳುತ್ತದೆ. ಇವನು ಲುಸಿಟೇನಿಯದವನು, ಎಂದರೆ ಇಂದಿನ ಪೋರ್ಚುಗಲ್ಲಿನ ಕಡೆಯವನು. ರೊನಾಲ್ಡೊ ಕೂಡ ಪೋರ್ಚುಗಲ್ಲಿನವನೇ ಎಂದು ಮಗ ನೆನಪಿಸಿದಾಗ ನಾನು ನಕ್ಕದ್ದು ನಿಜ.

ಗುಂಪು ಯಾವಾಗಲೂ ಸಾಧುವೆಂದು ನಾನು ವಾದಿಸಲಾರೆ. ಕ್ರಿ.ಶ. 59ರಲ್ಲಿ ಪಾಂಪೆಯ ಜನ ನೆರೆಯೂರಿನ ನುಸೀರಿಯದವರೊಡನೆ ಆಟದಲ್ಲೇ ಬಡಿದಾಡಿ, ಹೆಣಗಳು ಬಿದ್ದು, ಹತ್ತು ವರ್ಷ ಅಂಥ ಆಟಗಳಿಗೆ ನಿಷೇಧವಾಯಿತು. 1985ರಲ್ಲಿ ಬ್ರಸೆಲ್ಸಿನ ಹೇಸೆಲ್ ಕ್ರೀಡಾಂಗಣದಲ್ಲಿ 39 ಮಂದಿ ಸತ್ತರು. ಇದನ್ನು ಯಾವ ಗೋಲೂ ಮರೆಸದು.

ಆದರೆ ಆಟ ಜನರನ್ನು ಮಲಗಿಸುತ್ತದೆ ಎನ್ನುವವರು ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಒಮ್ಮೆ ಹೋಗಿಬರಲಿ. 532ರ ಜನವರಿಯಲ್ಲಿ ಅಲ್ಲಿಯ ನೀಲಿಯವರೂ ಹಸಿರಿನವರೂ ಹಗೆ ಮರೆತು ಒಂದಾಗಿ ಜಸ್ಟಿನಿಯನ್ ಚಕ್ರವರ್ತಿಯ ಮೇಲೆ ತಿರುಗಿಬಿದ್ದರು; ಅವನು ಓಡಿಹೋಗಲು ಯೋಚಿಸುವಂತಾಯಿತು. ಕೊನೆಗೆ ಸೈನ್ಯ ಆಟದ ಬಯಲಿಗೇ ನುಗ್ಗಿತು. ಸತ್ತವರು ಮೂವತ್ತು ಸಾವಿರಕ್ಕೂ ಮೇಲೆ ಎಂದು ಪ್ರೊಕೋಪಿಯಸ್ ಬರೆದಿದ್ದಾನೆ. ಅದೇ ಊರಿಗೆ ಇಂದು ಇಸ್ತಾಂಬುಲ್ ಎಂದು ಹೆಸರು. 2013ರಲ್ಲಿ ಗೆಝಿ ಉದ್ಯಾನವನ್ನು ಉಳಿಸಲು ಜನ ಬೀದಿಗಿಳಿದಾಗ, ಒಬ್ಬರ ಮುಖ ಒಬ್ಬರು ನೋಡದ ಗಲಾಟಸರಾಯ್, ಫೆನರ್‌ಬಾಚೆ, ಬೆಶಿಕ್ತಾಶ್ ಅಭಿಮಾನಿಗಳು ಒಟ್ಟಾಗಿ ನಿಂತರು. ಮಲಗಿದವರು ಹೀಗೆ ಏಳುವುದುಂಟೆ?

ರೋಮಿನಿಂದ ನಮ್ಮವರೆಗೆ ಕೂದಲೆಳೆಯಷ್ಟೂ ಬದಲಾಗದೆ ಬಂದಿರುವವನು ಇನ್ನೊಬ್ಬನಿದ್ದಾನೆ. ಅವನು ಆಟಗಾರನೂ ಅಲ್ಲ, ಪ್ರೇಕ್ಷಕನೂ ಅಲ್ಲ. ಮೂಗು ಮುರಿಯುವ ವಿದ್ವಾಂಸ. ಕಿರಿಯ ಪ್ಲಿನಿ ಒಂದು ಪತ್ರದಲ್ಲಿ ರಥದೋಟದ ಜನರನ್ನು ಗೇಲಿ ಮಾಡುತ್ತಾನೆ: ಇವರ ಮೋಹ ಕುದುರೆಯ ಮೇಲೂ ಅಲ್ಲ, ಸಾರಥಿಯ ಮೇಲೂ ಅಲ್ಲ, ಬಟ್ಟೆಯ ಬಣ್ಣದ ಮೇಲೆ, ಓಟದ ನಡುವೆ ಬಣ್ಣ ಅದಲುಬದಲಾದರೆ ಇವರ ಒಲವೂ ಬದಲಾದೀತು ಎಂದು. ಆಗಲಿ, ಒಪ್ಪೋಣ. ನವೆಂಬರ್ ಒಂದರಂದು ಹಳದಿ–ಕೆಂಪು ಬಾವುಟ ಏರಿದಾಗ ನಮ್ಮೆದೆ ಉಬ್ಬುವುದೂ ಬಟ್ಟೆಗಾಗಿಯೇ ತಾನೆ?

ಪ್ಲಿನಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಊರೆಲ್ಲ ಆಟದಲ್ಲಿ ಹಾಳಾಗುತ್ತಿದ್ದ ದಿನಗಳಲ್ಲಿ ತಾನು ಸಾಹಿತ್ಯವ್ಯಾಸಂಗದಲ್ಲಿ ಸುಖವಾಗಿದ್ದೆನೆಂದು ಹೇಳಿಕೊಳ್ಳುತ್ತಾನೆ. ನನ್ನ ಮಿತ್ರರೂ ಆ ಫೈನಲ್ಲಿನ ರಾತ್ರಿ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದರಂತೆ. ನನ್ನ ಕಟ್ಟು ಆಗಿನ್ನೂ ಬಿಚ್ಚಿರಲಿಲ್ಲ.