ವಿಮಾನ ಕುಲುಕಿದರೆ ಎದೆಗುಂದಬೇಡಿ



ಮಗಳ ಬಾಣಂತನಕ್ಕೆಂದು ಮುಂಬಯಿಗೋ ದುಬೈಗೋ ಮೊದಲ ಸಲ ವಿಮಾನ ಹತ್ತುವ ತಾಯಂದಿರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಅಂಟಿನುಂಡೆ, ಉಪ್ಪಿನಕಾಯಿ ಕಟ್ಟಿಕೊಳ್ಳುವುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ವಿಮಾನ ಗಡಗಡ ಕುಲುಕಿದಾಗ ಪಾಪ, ಜೀವ ಬಾಯಿಗೆ ಬಂದಂತಾಗುತ್ತದೆ. ನೆಲದ ಮೇಲೆ ಕುಲುಕಿದ ವಿಮಾನ ನೀರಿನ ಮೇಲೆ ಸುಮ್ಮನಾಗುವುದೂ ಉಂಟು. ಯಾಕೆ ಹೀಗೆ?

ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಖಾಲಿ ರೊಟ್ಟಿ ಹಂಚು ಒಲೆಯ ಮೇಲಿಟ್ಟರೆ ಬೇಗ ಕಾಯುತ್ತದೆ. ಅದೇ ಉರಿಗೆ ನೀರಿನ ಪಾತ್ರೆ ಇಡಿ, ಎಷ್ಟು ಹೊತ್ತು ಬೇಕು ನೋಡಿ! ಒಂದೇ ತೂಕದ ಒಣಮಣ್ಣಿಗಿಂತ ನೀರಿಗೆ ನಾಲ್ಕೈದು ಪಟ್ಟು ಹೆಚ್ಚು ಶಾಖ ಬೇಕು. ಸಾಲದ್ದಕ್ಕೆ ಬಿಸಿಲು ನೀರಿನ ಆಳಕ್ಕೂ ಇಳಿದು ಹಂಚಿಹೋಗುತ್ತದೆ.

ಬಸವಕಲ್ಯಾಣದ ಹತ್ತಿರದ ಗೋರ್ಟಾ (ಬಿ) ಕಡೆ ಮೇ ತಿಂಗಳ ಮಧ್ಯಾಹ್ನ ಹೊಲಗಳು ಹಂಚಿನ ಹಾಗೆಯೇ ಕಾಯುತ್ತವೆ. ಬಿಸಿಗಾಳಿ ಮೇಲೇಳುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದು ಇದರ ಬಲದಿಂದಲೇ. ಆದರೆ ಗಾಳಿ ಎಲ್ಲ ಕಡೆ ಸಮನಾಗಿ ಏಳೋದಿಲ್ಲ. ಒಂದು ಕಡೆ ಏರಿದರೆ ಪಕ್ಕದಲ್ಲೇ ಇಳಿಯುತ್ತಿರುತ್ತದೆ. ಕೆಳಮಟ್ಟದಲ್ಲಿ ಹಾರುವ ವಿಮಾನ ಅದನ್ನು ದಾಟುವಾಗ ಕೆಟ್ಟ ರಸ್ತೆಯ ಬಸ್ಸಿನಂತೆ ಅಲುಗಾಡುತ್ತದೆ. ಅದೇ ಹೊತ್ತಿನಲ್ಲಿ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ನೀರು ತಂಪಾಗಿರುವುದರಿಂದ ಅದರ ಮೇಲಿನ ಗಾಳಿಗೆ ಅಷ್ಟು ಆರ್ಭಟವಿಲ್ಲ. ಮುಂಬಯಿಯಲ್ಲಿ ಮಧ್ಯಾಹ್ನ ಸಮುದ್ರದ ಕಡೆಗೆ ಏರುವ ವಿಮಾನ ಊರು ದಾಟಿದ ಮೇಲೆ ಸಾಮಾನ್ಯವಾಗಿ ನೆಮ್ಮದಿಯಾಗುವುದೂ ಇದಕ್ಕೇ.

ಹಾಗೆಂದು ಸಮುದ್ರ ಯಾವಾಗಲೂ ಶಾಂತ ಎಂದುಕೊಳ್ಳಬೇಡಿ. ಮಳೆಗಾಲದ ಗುಡುಗುಮೋಡ ನೀರಿನ ಮೇಲೂ ಕುಲುಕಿಸುತ್ತದೆ. ಸುಮಾರು 10 ಕಿಲೋಮೀಟರ್ ಎತ್ತರಕ್ಕೆ ಹೊಲದ ಬಿಸಿಗಾಳಿ ಮುಟ್ಟದಿದ್ದರೂ ಅಲ್ಲಿ ಓಡುವ ಬಿರುಗಾಳಿಯೇ ಬೇರೆ.

ಇಂಥ ಕುಲುಕಾಟ ತಡೆಯುವಂತೆಯೇ ವಿಮಾನ ಕಟ್ಟಿರುತ್ತಾರೆ. ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನ ಮ್ಯಾನ್ಮಾರಿನ ಮೇಲೆ ಜೋರಾಗಿ ಕುಲುಕಿದಾಗ ಬೆಲ್ಟ್ ಹಾಕದೆ ಕುಳಿತವರು ಸೀಟಿನಿಂದ ಮೇಲಕ್ಕೆ ಎಸೆಯಲ್ಪಟ್ಟರು.

ಆದ್ದರಿಂದ ಇಷ್ಟು ನೆನಪಿರಲಿ:

* ಸಾಧ್ಯವಾದರೆ ಬೆಳಗಿನ ವಿಮಾನ, ರೆಕ್ಕೆಯ ಹತ್ತಿರದ ಸೀಟು ಕೇಳಿ. ಅಲುಗಾಟ ಕಡಿಮೆ.
* ಬೆಲ್ಟ್ ದೀಪ ಆರಿದರೂ, ಕೂತಿರುವಷ್ಟು ಹೊತ್ತು ಬೆಲ್ಟ್ ಬಿಚ್ಚಬೇಡಿ. ಸೀರೆಯ ನೆರಿಗೆಯ ಮೇಲೆ, ಸೊಂಟದ ಕೆಳಭಾಗಕ್ಕೆ ಬರಲಿ.
* ತೊಡೆಯ ಮೇಲೆ ಕೂಸಿದ್ದರೆ ಅದಕ್ಕೆ ಬೇರೆ ಬೆಲ್ಟ್ ಕೇಳಿ ಪಡೆಯಿರಿ. ಒಂದೇ ಬೆಲ್ಟಿನಲ್ಲಿ ಇಬ್ಬರೂ ಬೇಡ.
* ಕುಲುಕುವಾಗ ಬಿಸಿ ಚಹಾ ಕೈಯಲ್ಲಿ ಹಿಡಿಯಬೇಡಿ.

ಧೈರ್ಯವಾಗಿ ಹೋಗಿಬನ್ನಿ. ಮೊಮ್ಮಗು ಕಾಯುತ್ತಿದೆ!