ಚೂಪುಕೋಸಿನ ಬೀಜ ಒಂದೇ ಮನೆಯಲ್ಲಿ ಏಕೆ ಉಳಿಯುವುದಿಲ್ಲ?

ಬಾಷ್, ಮರ್ಸಿಡಿಸ್ ಕಂಪನಿಗಳ ಕೆಲಸಕ್ಕೆಂದು ಬೆಂಗಳೂರಿನಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದವರು ವಿಮಾನದಿಂದ ಇಳಿಯುವುದು ಫಿಲ್ಡರ್ ಎಂಬ ಬಯಲಿನಲ್ಲಿ. ಹಿಂದೆಂದೋ ಗಾಳಿ ಹೊತ್ತು ತಂದು ಹರಡಿದ ನುಣ್ಣನೆಯ ಮಣ್ಣು ಅಲ್ಲಿಯದು. ತೇವವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ವಿಮಾನ ನಿಲ್ದಾಣ, ವಸ್ತುಪ್ರದರ್ಶನ ಕೇಂದ್ರಗಳಿಗೆ ಹೋಗಿ ಉಳಿದ ಹೊಲಗಳಲ್ಲಿ ಇಂದಿಗೂ ಒಂದು ಹಳೆಯ ಎಲೆಕೋಸನ್ನು ಬೆಳೆಯುತ್ತಾರೆ. ಹೆಸರು ಫಿಲ್ಡರ್‌ಕ್ರೌಟ್. ಬುಗುರಿಯನ್ನು ತಲೆಕೆಳಗು ಮಾಡಿ ಇಟ್ಟಂಥ ಆಕಾರ, ತುದಿ ಚೂಪು. 18ನೇ ಶತಮಾನದಿಂದಲೂ ಅದು ಆ ಬಯಲಿನ ಬೆಳೆ. ನಮ್ಮ ಮಟ್ಟುಗುಳ್ಳಕ್ಕೆ ಸಿಕ್ಕಂಥ ಭೌಗೋಳಿಕ ಮನ್ನಣೆಯನ್ನು 2012ರಲ್ಲಿ ಯುರೋಪಿಯನ್ ಒಕ್ಕೂಟ ಇದಕ್ಕೂ ಕೊಟ್ಟಿತು.

ಇದರ ಎಲೆ ತೆಳು, ನರ ಸಣ್ಣ, ರುಚಿ ಮೆದು. ಆದರೂ ಇದು ಮೂಲೆಗೆ ಸರಿದದ್ದಕ್ಕೆ ಆಕಾರವೇ ಮುಖ್ಯ ಕಾರಣ. ಎಲೆಕೋಸಿನ ಒಳಗಿನ ಗಟ್ಟಿ ದಿಂಡನ್ನು ತೆಗೆಯುವ ಕಾರ್ಖಾನೆಯ ಯಂತ್ರಗಳು ದುಂಡನೆಯ ಗಡ್ಡೆಗೆ ಹೊಂದುವಂತೆ ತಯಾರಾದವು. ಚೂಪುಕೋಸಿನ ದಿಂಡು ಉದ್ದವಾಗಿ ಮೇಲಿನವರೆಗೆ ಹೋಗುವುದರಿಂದ ಅದನ್ನು ಕೈಯಿಂದಲೇ ಕೊರೆಯಬೇಕು. ಕೂಲಿ ದುಬಾರಿಯಾದಂತೆ ಕಾರ್ಖಾನೆಗಳು ದುಂಡುಕೋಸಿನ ಕಡೆಗೆ ತಿರುಗಿದವು. ಮನೆಯ ಅಡುಗೆಗೆ ಇದೊಂದು ತೊಡಕೇ ಅಲ್ಲ. ಒಂದು ಚಾಕು ಸಾಕು.

ಅಲ್ಲಿನವರು ಇದನ್ನು ಹೆಚ್ಚಾಗಿ ಹುಳಿ ಬರಿಸಿ ತಿನ್ನುತ್ತಾರೆ. ಒಂದು ಕಿಲೋ ಸಣ್ಣಗೆ ಹೆಚ್ಚಿದ ಕೋಸಿಗೆ ಸುಮಾರು 20 ಗ್ರಾಂ ಉಪ್ಪು ಬೆರೆಸಿ ಕಿವುಚಿದರೆ ಎಲೆ ನೀರು ಬಿಡುತ್ತದೆ. ಜಾಡಿಯಲ್ಲಿ ಒತ್ತಿ ತುಂಬಿ, ಕೋಸು ಆ ನೀರಿನಲ್ಲೇ ಮುಳುಗಿರುವಂತೆ ಮೇಲೊಂದು ಭಾರ ಇಡುತ್ತಾರೆ. ಗಾಳಿ ಸಿಗದ ಆ ಉಪ್ಪುನೀರಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ. ಎಲೆಯ ಮೇಲೆ ಮೊದಲೇ ಇದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು, ಅಂದರೆ ಹಾಲನ್ನು ಮೊಸರು ಮಾಡುವ ಬಳಗದವು, ಕೋಸಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಹೆಪ್ಪು ಹಾಕುವ ಕೆಲಸವಿಲ್ಲ. ತಂಪು ಸೀಮೆಯಲ್ಲಿ ಇದಕ್ಕೆ ಕೆಲವು ವಾರ ಬೇಕು. ನಮ್ಮ ಸೆಕೆಯಲ್ಲಿ ಬೇಗ ಹುಳಿಯಾಗುತ್ತದೆ, ಬೇಗ ಮೆತ್ತಗೂ ಆಗುತ್ತದೆ.

ಬೆಳೆಯುವುದು ಕಷ್ಟವಲ್ಲ. ಅಲ್ಲಿ ವಸಂತದಲ್ಲಿ ಸಸಿಮಡಿ ಮಾಡಿ, ಎರಡಡಿ ಅಂತರದಲ್ಲಿ ನಾಟಿ ಮಾಡುತ್ತಾರೆ. ಗೊಬ್ಬರ, ನೀರು ಧಾರಾಳವಾಗಿರಬೇಕು. ಬೇರು ಗಂಟುಕಟ್ಟುವ ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಮಡಿಯಲ್ಲಿ ಮತ್ತೆ ಕೋಸು ಹಾಕಲು ಮೂರ್ನಾಲ್ಕು ವರ್ಷ ಕಾಯುವುದು ಒಳ್ಳೆಯದು. ಚಿಟ್ಟೆ ಮೊಟ್ಟೆಯಿಡದಂತೆ ಬಲೆ ಹೊದಿಸಿದರೆ ಹುಳುವಿನ ಕಾಟ ಅರ್ಧಕ್ಕರ್ಧ ಮುಗಿದಂತೆ.

ಕಷ್ಟವಿರುವುದು ಬೀಜದಲ್ಲಿ. ಹೈಬ್ರಿಡ್ ತಳಿಯ ಬೀಜ ತೆಗೆದಿಟ್ಟು ಬಿತ್ತಿದರೆ ಮುಂದಿನ ಬೆಳೆ ಚೆಲ್ಲಾಪಿಲ್ಲಿಯಾಗುತ್ತದೆ, ಜವಾರಿ ತಳಿ ತನ್ನ ಗುಣ ಉಳಿಸಿಕೊಳ್ಳುತ್ತದೆ ಎಂದು ಕೇಳಿದ್ದೇವೆ. ನಿಜವೇ. ಆದರೆ ಇದು ಎಲ್ಲ ಬೆಳೆಗೂ ಒಂದೇ ಅಳತೆಯಲ್ಲಿ ಅನ್ವಯಿಸುವುದಿಲ್ಲ. ಅಲಸಂದೆಯ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ನಾಲ್ಕು ಗಿಡದ ಕಾಯಿ ಒಣಗಿಸಿಟ್ಟರೆ ತಳಿ ಉಳಿಯಿತು. ಎಲೆಕೋಸು ಹಾಗಲ್ಲ. ತನ್ನದೇ ಪರಾಗ ಬಿದ್ದರೆ ಅದರ ಹೂವು ಗುರುತಿಸಿ ತಡೆಯುತ್ತದೆ. ಬೇರೆ ಗಿಡದ ಪರಾಗವನ್ನು ಜೇನು ತರಬೇಕು. ಕೆಲವೇ ಗಿಡಗಳಿಂದ ಬೀಜ ತೆಗೆಯುತ್ತಾ ಹೋದರೆ ಕೆಲವು ತಲೆಮಾರುಗಳಲ್ಲಿ ಗಿಡ ಬಡವಾಗುತ್ತದೆ. ಕನಿಷ್ಠ 20 ಗಿಡ, ಸಾಧ್ಯವಾದರೆ 50 ಹೂ ಬಿಡಬೇಕು ಎಂದು ತಿಳಿದವರು ಹೇಳುವುದು ಇದಕ್ಕೇ.

ಇಷ್ಟಕ್ಕೇ ಮುಗಿಯಲಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು ನೋಡಲು ಬೇರೆಯಾದರೂ ಒಂದೇ ಪ್ರಭೇದದ ಸಸ್ಯಗಳು. ಪಕ್ಕದ ಹಿತ್ತಿಲಿನ ನವಿಲುಕೋಸು ಹೂಬಿಟ್ಟರೆ ಜೇನು ಎರಡನ್ನೂ ಬೆರೆಸುತ್ತದೆ. ಬೀಜೋತ್ಪಾದಕರು ಕನಿಷ್ಠ ಒಂದು ಕಿಲೋಮೀಟರ್ ಅಂತರ ಬಿಡುವುದು ಸುಮ್ಮನೆ ಅಲ್ಲ. ಜೊತೆಗೆ, ಕೋಸು ಹೂ ಬಿಡುವುದು ಎರಡನೆಯ ವರ್ಷ, ಅದೂ ಹಲವು ವಾರ 10 ಡಿಗ್ರಿಗಿಂತ ಕೆಳಗಿನ ಚಳಿ ಉಂಡ ಮೇಲೆ. ಹಾಗಾಗಿ ಬೆಂಗಳೂರಿನ ಕೈತೋಟದಲ್ಲಿ ಚಳಿಗಾಲಕ್ಕೆ ಚೂಪುಕೋಸು ಬೆಳೆದು ಪಲ್ಯ ಮಾಡಬಹುದು, ಬೀಜದ ಆಸೆ ಇಟ್ಟುಕೊಳ್ಳುವಂತಿಲ್ಲ. ನಮ್ಮ ದೇಶದಲ್ಲಿ ಕೋಸಿನ ಬೀಜಕ್ಕೆ ಹಿಮಾಚಲ, ಕಾಶ್ಮೀರದ ಕಣಿವೆಗಳನ್ನು ಆಶ್ರಯಿಸಿರುವುದೂ ಈ ಕಾರಣಕ್ಕೆ.

ಹಳೆಯ ತಳಿಗಳ ಬಗ್ಗೆ ಮಾತನಾಡುವಾಗ ಒಬ್ಬ ಅಜ್ಜಿ, ಒಂದು ಬೀಜದ ಡಬ್ಬಿ ಎಂಬ ಚಿತ್ರ ನಮಗೆ ಪ್ರಿಯ. ಅಲಸಂದೆಗೆ ಅದು ಸರಿ. ಕೋಸಿನ ವಿಷಯದಲ್ಲಿ ಆ ಚಿತ್ರ ದಾರಿ ತಪ್ಪಿಸುತ್ತದೆ ಎಂದು ನನಗನ್ನಿಸುತ್ತದೆ. 50 ಗಿಡಗಳನ್ನು ಎರಡು ವರ್ಷ ಕಾಯುವ ಜಾಗ ಒಂದು ಹಿತ್ತಿಲಿನಲ್ಲಿ ಇರುವುದಿಲ್ಲ, ಪಕ್ಕದವರ ಜೇನನ್ನು ತಡೆಯುವುದೂ ಸಾಧ್ಯವಿಲ್ಲ. ತಂಪು ಸೀಮೆಯ ಕೈತೋಟದವರು ಇಂಥ ತಳಿಯನ್ನು ಉಳಿಸಬೇಕೆಂದರೆ ಹತ್ತಾರು ಮನೆಯವರು ಮೊದಲು ಕೂತು ಮಾತಾಡಿಕೊಳ್ಳಬೇಕು: ಈ ವರ್ಷ ಊರಿನಲ್ಲಿ ಹೂ ಬಿಡುವುದು ಚೂಪುಕೋಸು ಮಾತ್ರ, ನವಿಲುಕೋಸಿನ ಸರದಿ ಮುಂದಿನ ವರ್ಷ. ಒಣಗಿಸಿ ತಣ್ಣಗಿಟ್ಟ ಬೀಜ ನಾಲ್ಕು ವರ್ಷ ಮೊಳೆಯುವುದರಿಂದ ಸರದಿ ಹಾಕಿಕೊಳ್ಳಲು ಸಮಯವಂತೂ ಇದೆ.