ಗಾಜಿನ ಮೇಲೆ ಉಳಿದ ಹಾಳೆ

ಆಡೂರಿಗೆ ಹೋದಾಗಲೆಲ್ಲ ನನಗೊಂದು ಕೆಲಸ ಕಾದಿರುತ್ತದೆ. ಯಾರದೋ ಫೋನಿನಲ್ಲಿ ಜಾಗ ಖಾಲಿ ಮಾಡುವುದು, ಯಾರದೋ ಪಾಸ್‌ವರ್ಡ್ ಹುಡುಕಿಕೊಡುವುದು, ಅಪ್ಪನ ಟೀವಿಯಲ್ಲಿ ಕಾಣೆಯಾದ ಚಾನೆಲ್ ವಾಪಸ್ ತರುವುದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮಗಳು ಅಂದರೆ ಊರಿನ ಲೆಕ್ಕದಲ್ಲಿ ಸಕಲ ಮಶಿನ್ನಿಗೂ ಡಾಕ್ಟರು. ನಿಮ್ಮ ಊರಲ್ಲೂ ಹೀಗೇ ಇರಬೇಕು.

ಈ ಸಲ ದೀಪಾವಳಿಗೆ ಹೋದಾಗ ರಸ್ತೆಯುದ್ದಕ್ಕೂ ಗೋವಿನಜೋಳ ಒಣಹಾಕಿದ್ದರು. ತಮ್ಮನ ಝೆರಾಕ್ಸ್ ಅಂಗಡಿಯಲ್ಲಿ ಮಾತ್ರ ದೊಡ್ಡದೊಂದು ರಟ್ಟಿನ ಡಬ್ಬಿ ಬಿಚ್ಚದೆ ಕೂತಿತ್ತು. ಆಲ್-ಇನ್-ಒನ್ ಲೇಸರ್ ಪ್ರಿಂಟರ್. ಪ್ರಿಂಟು, ಕಾಪಿ, ಸ್ಕ್ಯಾನು, ಜೊತೆಗೆ ಫ್ಯಾಕ್ಸು.

"ಅಕ್ಕಾ, ಫ್ಯಾಕ್ಸ್‌ನೂ ಐತಿ ಇದರಾಗ!"

"ಈಗ ಯಾರ್ ಫ್ಯಾಕ್ಸ್ ಮಾಡ್ತಾರಲೇ? ಸುಮ್ನ ರೊಕ್ಕ ಹಾಕಿ ಬಂದೀ ನೋಡ," ಅಂದೆ. ಆ ಮಾತನ್ನು ನಾಲ್ಕೇ ದಿನದಲ್ಲಿ ನುಂಗಬೇಕಾಯಿತು. ಆ ಕತೆ ಆಮೇಲೆ. ಮೊದಲು ಮಶಿನ್ ಹೂಡಿದ್ದನ್ನು ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು.

ಡಬ್ಬಿಯಿಂದ ತೆಗೆದ ಕೂಡಲೇ ತಮ್ಮ ಸ್ವಿಚ್ ಒತ್ತಲು ಹೊರಟ. ನಾನು ಕೈ ಹಿಡಿದೆ. ಹೊಸ ಮಶಿನ್ನಿನ ಒಳಗೆ ಸಾಗಣೆಗೆಂದು ಅಲ್ಲಲ್ಲಿ ಕಿತ್ತಳೆ ಬಣ್ಣದ ಟೇಪು ಅಂಟಿಸಿರುತ್ತಾರೆ. ಅದನ್ನೆಲ್ಲ ಕೀಳದೆ ಚಾಲು ಮಾಡಿದರೆ ಮೊದಲ ಹಾಳೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಎಂಟು ಟೇಪು ಸಿಕ್ಕವು. ಎಲ್ಲ ಮುಗೀತು ಅಂದುಕೊಂಡ ಮೇಲೆ ಒಂಬತ್ತನೆಯದು ಟೋನರ್ ಬಾಗಿಲ ಹಿಂದೆ ಕಂಡಿತು.

ಎರಡನೆಯ ಪಾಠ ಕರೆಂಟಿನದು. ಅಂಗಡಿಯ ಇನ್ವರ್ಟರಿಗೆ ಸಿಕ್ಕಿಸಿದ್ದ. ಲೇಸರ್ ಪ್ರಿಂಟರ್ ಪುಡಿಶಾಯಿಯನ್ನು ಬಿಸಿ ರೋಲರಿನಿಂದ ಕಾಗದಕ್ಕೆ ಕರಗಿಸಿ ಅಂಟಿಸುತ್ತದೆ. ಆ ರೋಲರ್ ಸುಮಾರು 200 ಡಿಗ್ರಿಯವರೆಗೆ ಕಾಯಬೇಕು. ಕಾಯುವ ಕ್ಷಣದಲ್ಲಿ ಅದು ಎಳೆಯುವ ಕರೆಂಟಿಗೆ ಸಣ್ಣ ಇನ್ವರ್ಟರು, ಯುಪಿಎಸ್ಸು ತಾಳುವುದಿಲ್ಲ. ಮೊದಲ ಪ್ರಿಂಟಿಗೇ ಇನ್ವರ್ಟರ್ ಕೀಂಯ್ ಅಂತು, ಅಂಗಡಿ ಕತ್ತಲಾಯಿತು. ಕಂಪ್ಯೂಟರ್ ಇನ್ವರ್ಟರಿನಲ್ಲಿ ಇರಲಿ, ಪ್ರಿಂಟರಿಗೆ ನೇರ ಲೈನು, ನಡುವೆ ಸ್ಟೆಬಿಲೈಸರ್ ಅಂತ ತೀರ್ಮಾನಿಸಿದೆವು. ಹೊಲದ ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆದಾಗ ನಮ್ಮೂರ ವೋಲ್ಟೇಜು ಹೇಗೆ ಕುಣಿಯುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ.

ಮೂರನೆಯದು ವೈಫೈ. ಒಂದು ತಾಸು ಹೋರಾಡಿದರೂ ಮಶಿನ್ನಿಗೆ ರೌಟರ್ ಕಾಣಲಿಲ್ಲ. ಕಾರಣ ಸರಳ. ಬಹಳಷ್ಟು ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ತಮ್ಮ ರೌಟರಿನಲ್ಲಿ 5 ಗಿಗಾಹರ್ಟ್ಸ್ ಒಂದನ್ನೇ ಚಾಲೂ ಇಟ್ಟಿದ್ದ. ಇನ್ನೊಂದನ್ನೂ ಚಾಲೂ ಮಾಡಿದೆವು, ಎರಡೇ ನಿಮಿಷದ ಕೆಲಸ.

ಇಷ್ಟಾದ ಮೇಲೆ ಅಪ್ಪ ಪೆನ್‌ಡ್ರೈವ್ ಹಿಡಿದು ಬಂದರು. ನಿವೃತ್ತ ಮಾಸ್ತರು, ಊರಿನ ಅರ್ಜಿಗಳೆಲ್ಲ ಅವರ ಕೈಯಲ್ಲೇ ಆಗಬೇಕು. ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಕೊಕ್ಕೆ, ಸೊಟ್ಟ ಗೆರೆಗಳ ಸಂತೆ. ನೀವೂ ಇದನ್ನು ಕಂಡಿರುತ್ತೀರಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕಾಣುತ್ತದೆ. ಬರೆದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು ತಂದರೆ ಅಕ್ಷರ ಕೆಡುವುದಿಲ್ಲ. ಹೊಸದಾಗಿ ಬರೆಯುವುದಿದ್ದರೆ ಯೂನಿಕೋಡ್‌ನಲ್ಲೇ ಬರೆಯುವುದು ಲೇಸು.

"ಕಲ್ಲಿನ ಮ್ಯಾಲೆ ಬರದದ್ದು ಸಾವಿರ ವರ್ಷದ ಮ್ಯಾಲೂ ಓದಾಕ ಬರ್ತೈತಿ, ನಿನ್ನೆ ಬರದದ್ದು ಇವತ್ತು ಬರಂಗಿಲ್ಲ," ಅಂತ ಅಪ್ಪ ಗೊಣಗಿದರು. ಬಾದಾಮಿ ಚಾಲುಕ್ಯರ ಕಾಲದ ಶಾಸನ ಸಿಕ್ಕ ಊರಿನವರು ಹಾಗೆ ಗೊಣಗಲು ಹಕ್ಕುಳ್ಳವರೇ. ಶಾಸನ ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಪ್ರತಿಗೆ ಪಡಿಯಚ್ಚು ಅನ್ನುತ್ತಾರೆ. ಅದೂ ಒಂದು ಝೆರಾಕ್ಸೇ ಅಂತ ಅಪ್ಪನ ವಾದ.

ಇನ್ನು ಫ್ಯಾಕ್ಸಿನ ವಿಚಾರ.

ದೊಡ್ಡವ್ವನ ಮಗ ಅಮೆರಿಕದಲ್ಲಿದ್ದಾನೆ. ಹಬ್ಬದ ಮರುದಿನ ಅಲ್ಲಿಂದ ಫೋನು. ಕೆಲವು ವಾರದಿಂದ ಎದೆನೋವು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಏಳು ವರ್ಷದವನಿದ್ದಾಗ, 1994ರಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನ ಹೃದಯದ ತೂತು ಮುಚ್ಚುವ ಆಪರೇಶನ್ ಆಗಿತ್ತು. ಅಲ್ಲಿಯ ಡಾಕ್ಟರು ಎಮ್ಆರ್‌ಐ ಮಾಡಬೇಕು ಅನ್ನುತ್ತಾರೆ. ಆದರೆ ಆಗ ಒಳಗೆ ಲೋಹದ್ದೇನಾದರೂ ಇಟ್ಟಿದ್ದಾರೆಯೇ, ತೂತು ಹೇಗೆ ಮುಚ್ಚಿದರು ಅಂತ ತಿಳಿಯದೆ ಮಶಿನ್ನಿನೊಳಗೆ ಕಳಿಸಲು ಒಪ್ಪುತ್ತಿಲ್ಲ. ಆಪರೇಶನ್ ಮಾಡಿದ ಆಸ್ಪತ್ರೆಯವರು ಅಷ್ಟು ಹಳೆಯ ದಾಖಲೆ ಈಗಿಲ್ಲ ಅಂದುಬಿಟ್ಟಿದ್ದರು.

ದಾಖಲೆ ಇದ್ದದ್ದು ಒಂದೇ ಕಡೆ, ದೊಡ್ಡವ್ವನ ಟ್ರಂಕಿನಲ್ಲಿ. ಹಳದಿಗೆ ತಿರುಗಿದ ಡಿಸ್ಚಾರ್ಜ್ ಕಾರ್ಡು, ಜೊತೆಗೊಂದು ಇಸಿಜಿ ಪಟ್ಟಿ. ರೇಶ್ಮಿ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು.

ನಾನು ಫೋನಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಅಣ್ಣ ಅದನ್ನು ಡಾಕ್ಟರಿಗೆ ತೋರಿಸಿದ. ಅವರು ನೋಡಿದರು, ಆದರೆ ಕಡತಕ್ಕೆ ಸೇರಬೇಕಾದರೆ ದಾಖಲೆ ವಿಭಾಗಕ್ಕೆ ಫ್ಯಾಕ್ಸ್ ಬರಬೇಕು, ಇಲ್ಲವೇ ಟಪಾಲಿನಲ್ಲಿ ಬರಬೇಕು ಅಂದರಂತೆ. ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ಅಮೆರಿಕದ ಆಸ್ಪತ್ರೆಗಳಲ್ಲಿ ಇವತ್ತಿಗೂ ಫ್ಯಾಕ್ಸ್ ಸತ್ತಿಲ್ಲ. ಒಂದು ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಇನ್ನೊಂದರ ಜೊತೆ ಮಾತಾಡದಿದ್ದರೂ ಫ್ಯಾಕ್ಸು ಎಲ್ಲರ ಬಳಿಯೂ ಇದೆ.

ನಾವು ಹಳೆಯದು ಅನ್ನುವ ಈ ವಿದ್ಯೆ ನಾವಂದುಕೊಂಡದ್ದಕ್ಕಿಂತಲೂ ಹಳೆಯದು. ಅಲೆಕ್ಸಾಂಡರ್ ಬೈನ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ಕಸುಬಿನವ ತಂತಿಯ ಮೂಲಕ ಚಿತ್ರ ಕಳಿಸುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದಿದ್ದ. ಗ್ರಹಾಂ ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಅಂದರೆ ಫ್ಯಾಕ್ಸಿನ ಕಲ್ಪನೆ ಫೋನಿಗಿಂತ 33 ವರ್ಷ ಹಿರಿದು. ನಮ್ಮ ದೇಶದಲ್ಲಿ ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತಿತು. ಫ್ಯಾಕ್ಸು ಮಾತ್ರ ಮೂಲೆಯಲ್ಲಿ ಉಸಿರಾಡುತ್ತಲೇ ಇದೆ.

ಮಶಿನ್ನಿನ ಹಿಂಭಾಗದಲ್ಲಿ ಎರಡು ಫೋನ್ ತೂತು ಇರುತ್ತವೆ. ಒಂದಕ್ಕೆ 'ಲೈನ್' ಅಂತ, ಇನ್ನೊಂದಕ್ಕೆ 'ಎಕ್ಸ್‌ಟ್' ಅಂತ ಬರೆದಿರುತ್ತದೆ. ಗೋಡೆಯಿಂದ ಬಂದ ತಂತಿ 'ಲೈನ್'ಗೇ ಹೋಗಬೇಕು. ಇನ್ನೊಂದು, ಪಕ್ಕದಲ್ಲಿ ಫೋನ್ ಇಟ್ಟುಕೊಳ್ಳುವವರಿಗೆ. ಅಂಗಡಿಗೆ ಹಳೆಯ ತಾಮ್ರದ ತಂತಿ ಇಲ್ಲ, ಫೈಬರ್ ಡಬ್ಬಿಯ ಫೋನ್ ಕಿಂಡಿಗೆ ಸಿಕ್ಕಿಸಿದೆವು. ಐಎಸ್‌ಡಿ ತೆರೆಸಿಕೊಳ್ಳಲು ಅರ್ಧ ದಿನ ಹೋಯಿತು.

ಕಾರ್ಡಿನ ಮೇಲಿನ ನೀಲಿ ಶಾಯಿ ಮಾಸಿತ್ತು. ಫ್ಯಾಕ್ಸು ಕಪ್ಪು-ಬಿಳುಪಿನ ಪ್ರಾಣಿ, ತೆಳು ನೀಲಿಯನ್ನು ಬಿಳಿ ಅಂತಲೇ ತಿಳಿಯುತ್ತದೆ. ಅದಕ್ಕೆ ಮೊದಲು ಗಾಜಿನ ಮೇಲಿಟ್ಟು, ಕಾಂಟ್ರಾಸ್ಟ್ ಏರಿಸಿ, ಗಾಢವಾದ ಕಾಪಿ ತೆಗೆದೆವು. ಆ ಕಾಪಿಗಳನ್ನು ಮೇಲಿನ ಫೀಡರಿಗೆ ಕೊಟ್ಟೆವು. ಅಸಲು ಕಾಗದವನ್ನು ಯಾವತ್ತೂ ಫೀಡರಿಗೆ ಹಾಕಬೇಡಿ. ಹಳೆಯ ಕಾಗದವಾದರೆ ಹರಿದೇ ಹೊರಗೆ ಬರುತ್ತದೆ.

ಗುಣಮಟ್ಟ 'ಫೈನ್'ಗೆ ಇಟ್ಟೆವು. ಸಾಧಾರಣ ಫ್ಯಾಕ್ಸಿಗಿಂತ ಅದರಲ್ಲಿ ಸಾಲುಗಳು ಎರಡು ಪಟ್ಟು ದಟ್ಟ, ಕೈಬರಹಕ್ಕೆ ಅದೇ ಬೇಕು. ಮೊದಲ ಹಾಳೆ ಮುಖಪತ್ರ: ಯಾರಿಗೆ, ಯಾರ ದಾಖಲೆ, ಒಟ್ಟು ಎಷ್ಟು ಹಾಳೆ. ನಂಬರು 00, ಆಮೇಲೆ 1, ಆಮೇಲೆ ಹತ್ತು ಅಂಕಿ. ತಮ್ಮ ಓದಿದ, ನಾನು ಒತ್ತಿದೆ, ಒಮ್ಮೆ ತಿರುಗಿ ಓದಿದ. ಒಂದು ಅಂಕಿ ತಪ್ಪಿದರೆ ಅಣ್ಣನ ಎದೆಯ ಕತೆ ಯಾರದೋ ಅಂಗಡಿಯ ಟ್ರೇಯಲ್ಲಿ ಬಿದ್ದಿರುತ್ತಿತ್ತು.

ಕೀಂ... ಕರ್ರ್... ಮೌನ. 'ಫೇಲ್'. ಮೂರು ಸಲ ಹೀಗೇ ಆಯಿತು.

ದೊಡ್ಡವ್ವ ಸ್ಟೂಲಿನ ಮೇಲೆ ಕೂತು ನಮ್ಮಿಬ್ಬರ ಮುಖ ನೋಡುತ್ತಿದ್ದಳು. "ಆತೇನ್ರ್ಯವ್ವಾ?"

ಫೈಬರ್ ಫೋನು ನಮ್ಮ ದನಿಯನ್ನು ಸಣ್ಣ ಸಣ್ಣ ತುಣುಕು ಮಾಡಿ ಕಳಿಸುತ್ತದೆ. ನಡುವೆ ಒಂದೆರಡು ತುಣುಕು ಕಳೆದರೆ ನಮ್ಮ ಕಿವಿ ಸುಧಾರಿಸಿಕೊಳ್ಳುತ್ತದೆ, ಫ್ಯಾಕ್ಸಿನ ಕಿವಿ ಸುಧಾರಿಸಿಕೊಳ್ಳುವುದಿಲ್ಲ. ಮದ್ದು ಏನೆಂದರೆ ನಿಧಾನವಾಗಿ ಮಾತಾಡಿಸುವುದು. ಸೆಟ್ಟಿಂಗಿಗೆ ಹೋಗಿ ವೇಗವನ್ನು 9600ಕ್ಕೆ ಇಳಿಸಿದೆ, ಇಸಿಎಮ್ ಎಂಬ ದೋಷ ತಿದ್ದುವ ವ್ಯವಸ್ಥೆಯನ್ನು ಬಂದ್ ಮಾಡಿದೆ. ಅದು ಚಾಲೂ ಇದ್ದರೆ ಕೆಟ್ಟ ಲೈನಿನಲ್ಲಿ ಮತ್ತೆ ಮತ್ತೆ ಕಳಿಸು ಅಂತ ಹಟ ಹಿಡಿದು ಕೊನೆಗೆ ಕರೆಯನ್ನೇ ಕತ್ತರಿಸಿಬಿಡುತ್ತದೆ.

ನಾಲ್ಕನೆಯ ಸಲ ನಾಲ್ಕು ಹಾಳೆಯೂ ಹೋದವು. ಆರೇಳು ನಿಮಿಷ ಬೇಕಾಯಿತು. ಕೊನೆಗೆ ಮಶಿನ್ ತಾನೇ ಒಂದು ವರದಿ ಮುದ್ರಿಸಿತು: 'ಓಕೆ'. ದೊಡ್ಡವ್ವನಿಗೆ ಆ ಹಾಳೆ ತೋರಿಸಿದೆ. ಓದಲು ಬಾರದಿದ್ದರೂ ಕಣ್ಣಿಗೆ ಒತ್ತಿಕೊಂಡಳು. ಎಲ್ಲರೂ ಚಹಾ ಕುಡಿದೆವು.

ಮರುದಿನ ಮುಂಜಾನೆ ಅಣ್ಣನ ಮೆಸೇಜು: ಫ್ಯಾಕ್ಸ್ ತಲುಪಿದೆ, ಲೋಹದ್ದೇನೂ ಇಲ್ಲ ಅಂತ ಕಾರ್ಡಿನಿಂದ ಖಾತ್ರಿಯಾಯಿತು, ನಾಳೆಯೇ ಎಮ್ಆರ್‌ಐ. ಅದರ ಹಿಂದೆಯೇ ದೊಡ್ಡವ್ವ ಅಂಗಡಿಗೆ ಬಂದಳು.

"ಎವ್ವಾ, ಇಸಿಜಿ ಐತಿ, ಕಾರ್ಡ್ ಎಲ್ಲೈತಿ?"

ಚೀಲದಲ್ಲಿ ಇರಲಿಲ್ಲ. ಮೇಜಿನ ಮೇಲೆ, ಕೆಳಗೆ, ಖಾನೆಯಲ್ಲಿ, ಎಲ್ಲೂ ಇರಲಿಲ್ಲ. ತಮ್ಮನ ಮುಖ ಬಿಳಿಚಿಕೊಂಡಿತು. ಕೆಟ್ಟ ಕಾಪಿಗಳ ಕಟ್ಟನ್ನು ಮುಂಜಾನೆಯಷ್ಟೇ ಬಸ್ ಸ್ಟ್ಯಾಂಡಿನ ಹತ್ತಿರದ ಮಿರ್ಚಿ ಗಾಡಿಗೆ ಕೊಟ್ಟಿದ್ದ.

ಇಬ್ಬರೂ ಓಡಿದೆವು. ಗಾಡಿಯ ಕಾಕಾ ಇನ್ನೂ ಎಣ್ಣೆ ಕಾಯಲು ಇಟ್ಟಿದ್ದರು ಅಷ್ಟೇ. ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವಿದೆ. ಕಾರ್ಡ್ ಸಿಗಲಿಲ್ಲ. ಸಿಕ್ಕಿದ್ದು ಆಧಾರ್ ಕಾರ್ಡಿನ ಕಾಪಿಗಳು, ಪಾಸ್‌ಬುಕ್ಕಿನ ಮೊದಲ ಪುಟಗಳು, ಪಕ್ಕದ ಓಣಿಯ ಹುಡುಗಿಯ ಫೋಟೋ, ಫೋನ್ ನಂಬರ್ ಇದ್ದ ಅರ್ಜಿ. ಇಷ್ಟು ದಿನ ಇವೆಲ್ಲ ಮಿರ್ಚಿಯ ಜೊತೆ ಊರೂರಿಗೆ ಹೋಗಿದ್ದವು. ಕಟ್ಟನ್ನು ವಾಪಸ್ ತಂದೆವು. ಕಾಕಾಗೆ ಹಳೆ ಪೇಪರ್ ಕೊಡಿಸಿದೆವು.

ಅಂಗಡಿಗೆ ಬಂದರೆ ದೊಡ್ಡವ್ವ ಅದೇ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ಅವನ್ನ ಬದುಕಿಸಿಕೊಂಡು ಮನಿಗೆ ಕರಕೊಂಡು ಬಂದ ದಿನ ಕೊಟ್ಟ ಕಾಗದ ಅದು," ಅಂದಳು. "ಕಾಪಿ ನೂರ್ ತಗೀರಿ. ಅದು ಒಂದ ಐತಿ."

ಅಷ್ಟರಲ್ಲಿ ಒಬ್ಬ ಅಜ್ಜ ಬ್ಯಾಂಕ್ ಪಾಸ್‌ಬುಕ್ ಕಾಪಿ ಮಾಡಿಸಲು ಬಂದರು. ಪಾಸ್‌ಬುಕ್ಕು ಫೀಡರಿಗೆ ಹೋಗುವುದಿಲ್ಲ. ತಮ್ಮ ಮಶಿನ್ನಿನ ಮುಚ್ಚಳ ಎತ್ತಿದ.

ಗಾಜಿನ ಮೇಲೆ, ಮಕಾಡೆ ಮಲಗಿ, ಕಾರ್ಡು.

ಹಿಂದಿನ ದಿನದಿಂದ ಅಲ್ಲೇ ಇತ್ತು. ಗಾಢ ಕಾಪಿ ತೆಗೆದ ಮೇಲೆ ಮುಂದಿನ ಕೆಲಸವೆಲ್ಲ ಮೇಲಿನ ಫೀಡರಿನಲ್ಲಿ ನಡೆಯಿತು. ಆಮೇಲೆ ಬಂದ ಗಿರಾಕಿಗಳ ಕೆಲಸವೂ ಅಲ್ಲೇ. ಮುಚ್ಚಳ ಎತ್ತುವ ಪ್ರಸಂಗವೇ ಬರಲಿಲ್ಲ. ಕಾಪಿ ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತು ಅಂತ ನಮ್ಮ ಮನಸ್ಸು ಹೇಳಿಬಿಡುತ್ತದೆ. ಅಸಲು ಕಾಗದ ನೆನಪಿಗೆ ಬರುವುದು ಮನೆ ಸೇರಿದ ಮೇಲೆ.

ದೊಡ್ಡವ್ವ ಕಾರ್ಡನ್ನು ಸೆರಗಿನಲ್ಲಿ ಒರೆಸಿದಳು. ಇಸಿಜಿ ಪಟ್ಟಿಯನ್ನೂ ತೆಗೆದು, "ಇವೆರಡನ್ನೂ ಲ್ಯಾಮಿನೇಶನ್ ಮಾಡಿಕೊಡು, ಇನ್ನ ಕೆಡಂಗಿಲ್ಲ" ಅಂತ ತಮ್ಮನಿಗೆ ಕೊಟ್ಟಳು. ಅವನು ಮಶಿನ್ ಕಾಯಲು ಇಟ್ಟೇಬಿಟ್ಟಿದ್ದ. ನಾನು ಕಸಿದುಕೊಂಡೆ. ಇಸಿಜಿ ಪಟ್ಟಿ ಇದ್ದದ್ದು ಥರ್ಮಲ್ ಕಾಗದದಲ್ಲಿ. ಅಂಥ ಕಾಗದದಲ್ಲಿ ಶಾಯಿ ಇರುವುದಿಲ್ಲ, ಶಾಖಕ್ಕೆ ಕಾಗದವೇ ಕಪ್ಪಾಗಿ ಗೆರೆ ಮೂಡುತ್ತದೆ. ಬಿಸಿ ಲ್ಯಾಮಿನೇಶನ್‌ಗೆ ಕೊಟ್ಟರೆ ಪಟ್ಟಿ ಪೂರ್ತಿ ಕಪ್ಪಾಗುತ್ತದೆ, ಗೆರೆ ಕಾಣುವುದಿಲ್ಲ. ಹಾಗೇ ಬಿಟ್ಟರೆ ವರ್ಷಗಳಲ್ಲಿ ತಾನೇ ಮಾಸುತ್ತದೆ. ಇದಕ್ಕೆ ದಾರಿ ಒಂದೇ. ಗೆರೆ ಕಾಣುವಾಗಲೇ ಕಾಪಿ, ಸ್ಕ್ಯಾನ್ ಎರಡೂ ಮಾಡಿಡುವುದು, ಅಸಲನ್ನು ತಂಪು-ಕತ್ತಲ ಜಾಗದಲ್ಲಿ ಇಡುವುದು. ರೇಶ್ಮಿ ಸೀರೆಯ ಮಡಿಕೆ ಅಷ್ಟೇನೂ ಕೆಟ್ಟ ಜಾಗವಲ್ಲ.

ಈ ಹಬ್ಬದಲ್ಲಿ ನಾನು ಕಲಿತದ್ದು ಇಷ್ಟು. ಮನೆಯ ಹಳೆಯ ಆಸ್ಪತ್ರೆ ಕಾಗದಗಳನ್ನು, ಮುಖ್ಯವಾಗಿ ಆಪರೇಶನ್ ಆದವರದ್ದನ್ನು, ಒಂದು ಭಾನುವಾರ ಕೂತು ಸ್ಕ್ಯಾನ್ ಮಾಡಿ. ಆಸ್ಪತ್ರೆಯವರು ಇಟ್ಟಿರುತ್ತಾರೆ ಅಂತ ನಂಬಿ ಕೂರಬೇಡಿ. ಆಧಾರ್ ಕಾಪಿ ಕೊಡುವ ಕಡೆ ನಡೆಯುವಂತಿದ್ದರೆ ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅಂಗಡಿಯಲ್ಲಿ ಕೆಟ್ಟ ಕಾಪಿ ಬಂದರೆ ಅದನ್ನೂ ಕೇಳಿ ಪಡೆದು ಹರಿದುಹಾಕಿ.

ತಮ್ಮ ಈಗ ಕೆಟ್ಟ ಕಾಪಿಗಳನ್ನು ಹರಿದು ಒಲೆಗೆ ಹಾಕುತ್ತಾನೆ. ಮಶಿನ್ನಿನ ಮುಚ್ಚಳದ ಮೇಲೆ ಅಪ್ಪನ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಅಂಟಿದೆ: "ಅಸಲ ಕಾಗದ ತಗೊಂಡ್ರ್ಯಾ?"

ಅಣ್ಣನ ಎಮ್ಆರ್‌ಐ ಆಯಿತು. ಹಳೆಯ ಹೊಲಿಗೆ ಗಟ್ಟಿಯಿದೆಯಂತೆ. ತೊಂದರೆ ಬೇರೆ ಕಡೆ, ಔಷಧ ಶುರುವಾಗಿದೆ. ದಿನಾ ಸಂಜೆ ದೊಡ್ಡವ್ವನಿಗೆ ವಿಡಿಯೋ ಕಾಲ್ ಮಾಡುತ್ತಾನೆ.

ಬೆಂಗಳೂರಿಗೆ ಬಂದ ಮೊದಲ ದಿನ ಆಫೀಸಿನ ಪ್ರಿಂಟರ್ ಹತ್ತಿರ ಹೋಗಿ ಸುಮ್ಮನೆ ಮುಚ್ಚಳ ಎತ್ತಿದೆ. ಯಾರದೋ ಪಿಯುಸಿ ಅಂಕಪಟ್ಟಿ, ಅಸಲು. ಮೂರು ಟೇಬಲ್ ಆಚೆ ಕೂರುವ ಹೊಸ ಹುಡುಗನದು. ಎರಡು ವಾರದಿಂದ ಹುಡುಕುತ್ತಿದ್ದನಂತೆ, ಮನೆಯಲ್ಲಿ ಹೇಳಲು ಹೆದರಿ ಕೂತಿದ್ದ.

ನಾಳೆ ನಿಮ್ಮ ಆಫೀಸಿನದನ್ನೂ ಒಮ್ಮೆ ಎತ್ತಿ ನೋಡಿ.